ಕೆಟ್ಟ ದಾರಿ ಹುಡುಕಿಕೊಂಡು ಯಲಬುರ್ಗಾ ದೇಶಕ್ಕೆ

ಗಂಗಾವತಿ: ಹೊರಡುವ ಮುನ್ನ

ವಿದೇಶಕ್ಕೆ ಹೋಗಬೇಕಾದರೆ ವಿಮಾನ ಹತ್ತಲೇಬೇಕೆಂದು ಯಾರು ಹೇಳಿದರೋ ಗೊತ್ತಿಲ್ಲ. ಗಂಗಾವತಿಯವರಾದ ನಮಗೆ ಕಾಲುವೆಯ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ವಿದೇಶ ಶುರು. ಅದರಾಚೆ ಮಣ್ಣಿನ ಬಣ್ಣ ಬೇರೆ, ಊಟದ ಕ್ರಮ ಬೇರೆ. ನಾವು ಅನ್ನ ಉಣ್ಣುವವರು. ಅವರು ರೊಟ್ಟಿ ಉಂಡು, ಕೈ ತೊಳೆಯುವ ಮುಂಚಿನ ಒಂದು ಶಾಸ್ತ್ರವೆಂಬಂತೆ ಎರಡು ತುತ್ತು ಅನ್ನ ಮುಟ್ಟುವವರು. ಮಳೆ ಬಂದರೆ ನಾವು ಛತ್ರಿ ಹುಡುಕುತ್ತೇವೆ, ಅವರು ಅಂಗಳಕ್ಕೆ ಬಂದು ಆಕಾಶ ನೋಡುತ್ತಾರೆ.

ಬಸ್ ನಿಲ್ದಾಣದ ಕಿಟಕಿಯ ಹಿಂದೆ ಕೂತು, "ಕುಷ್ಟಗಿ, ಯಲಬುರ್ಗಾ ಕಡೆ ಹೋಗುವ ಪ್ರಯಾಣಿಕರು..." ಎಂದು ಮೈಕಿನಲ್ಲಿ ಕೂಗಿ ನೌಕರಿಯ ಕಾಲವೆಲ್ಲ ಜನರನ್ನು ಆ ದೇಶಗಳಿಗೆ ರವಾನಿಸಿದವನು ನಾನು. ಸ್ವತಃ ಹೋದದ್ದು ಮದುವೆಗೆ ಎರಡು ಸಲ, ಮಣ್ಣಿಗೆ ಒಂದು ಸಲ. ಮೂರೂ ಸಲ ಕಿಟಕಿಯ ಪಕ್ಕದ ಸೀಟು ಸಿಕ್ಕಿರಲಿಲ್ಲ.

ನಿವೃತ್ತನಾದ ಮೇಲೆ ಆ ಕೊರತೆ ತುಂಬಲು ಒಂದು ಗಾಡಿ ಕೊಂಡೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಬಿಳಿ ಗಾಡಿ. ದೊಡ್ಡ ಗೇರಿನ ಪಕ್ಕದಲ್ಲಿ ಒಂದು ಸಣ್ಣ ಗೇರು. ಅದನ್ನು ಎಳೆದರೆ ಗಾಡಿ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದು ಮಾರಿದವರು ಹೇಳಿದ್ದರು. ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮೊದಲ ವಾರದಲ್ಲೇ ಅದು ನಾಟಿಗೆ ಸಿದ್ಧವಾಗಿದ್ದ ಗದ್ದೆಗೆ ಹೋಯಿತು. ಬದುವಿನ ಮೇಲೆ ಹೋಗಬೇಕಿತ್ತು, ಜಾರಿತು. ನನ್ನ ಹೆಂಡತಿ ಶರಣಮ್ಮನ ತಮ್ಮ ವೀರೇಶ ತನ್ನ ಟ್ರ್ಯಾಕ್ಟರ್ ತಂದು, ನಾಟಿಯ ಹೆಣ್ಣುಮಕ್ಕಳೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತು ನೋಡುತ್ತಿರುವಾಗ ಎಳೆದು ಹಾಕಿದ. ಎಳೆದವನು ಸುಮ್ಮನೆ ಹೋಗಲಿಲ್ಲ. ಗಾಡಿಯ ಬಾನೆಟ್ ಸವರುತ್ತಾ, "ಮಾಮಾ, ನಿಮಗ ಇದು ಯಾಕ್ರಿ? ನನಗ ಕೊಡ್ರಿ, ನೋಡ್ಕೋತೀನಿ" ಅಂದ.

ಅಂದು ಶರಣಮ್ಮ ಕರಾರು ಹಾಕಿದಳು.

"ಇನ್ನೊಮ್ಮೆ ಟ್ರ್ಯಾಕ್ಟರ್ ಕಟ್ಟಿ ಎಳಿಯೋದು ಬಂತಂದ್ರ, ಗಾಡಿ ವೀರೇಶಗ. ಮಾತು ಮುಗೀತು."

"ಕಲಿಯಾಕರ ಬಿಡು. ಹೊಸದಾಗಿ ಕಲಿಯೋರಿಗೆ ಅಂತ ಸಣ್ಣ ಕೆಟ್ಟ ದಾರಿ ಇರ್ತಾವಂತ. ನಮ್ಮ ಕಡೆ ಎಲ್ಲಾ ಗದ್ದಿ, ಇಲ್ಲಂದ್ರ ಡಾಂಬರು. ಕುಷ್ಟಗಿ, ಯಲಬುರ್ಗಾ ಕಡೆ ಹೋಗಿ ಹುಡುಕ್ತೀನಿ."

"ಹೋಗೂಣು. ನಾನೂ ಬರ್ತೀನಿ."

"ನೀ ಯಾಕ?"

"ಸಾಕ್ಷಿ ಬೇಕಲ್ಲ."

ಹೀಗೆ ಶ್ರಾವಣ ಮುಗಿದ ಮರುವಾರ, ಒಂದು ಭಾನುವಾರ ಬೆಳಿಗ್ಗೆ, ನ್ಯಾಯಾಧೀಶರನ್ನು ಎಡಗಡೆ ಕೂರಿಸಿಕೊಂಡು ಆರೋಪಿಯು ತಾನೇ ಗಾಡಿ ನಡೆಸುತ್ತಾ ಹೊರಟನು.

ಕುಷ್ಟಗಿ: ಭಾನುವಾರ

ಹೊರಗಿನ ದೇಶದಲ್ಲಿ ಮೊದಲು ಕಲಿಯಬೇಕಾದ್ದು ದಾರಿ ಕೇಳುವ ರೀತಿ. ನಾನು ಕೇಳಿದ ರೀತಿ ತಪ್ಪಾಗಿತ್ತು. ಕುಷ್ಟಗಿ ಹತ್ತಿರದ ಒಂದು ಚಹಾದ ಅಂಗಡಿಯಲ್ಲಿ, "ಇಲ್ಲಿ ಯಾವುದರ ಕೆಟ್ಟ ದಾರಿ ಐತೇನ್ರಿ?" ಅಂದೆ. ಕೂತಿದ್ದ ನಾಲ್ವರೂ ಬಸಿಯನ್ನು ತುಟಿಯಿಂದ ಇಳಿಸಿದರು.

"ಯಾವೂರ್ರಿ ನಿಮ್ದು?"

"ಗಂಗಾವತಿ."

"ಅಲ್ಲಿಂದ ಇಲ್ಲೀತನ ಬರೋದ್ರಾಗ ನಿಮಗೆಲ್ಲೂ ಸಿಗಲಿಲ್ಲೇನು?" ಒಬ್ಬ ಕೇಳಿದ. ಇನ್ನೊಬ್ಬ ಊರಿನ ಮಾನ ಕಾಯಲು ಎದ್ದೇ ನಿಂತ. "ನೋಡ್ರಿ, ನಮ್ಮಲ್ಲಿ ಎಲ್ಲಾ ದಾರೀನೂ ಛಲೋ ಅದಾವು. ಹಿಂಗ ಎಡಕ್ಕ ಹೊಳ್ಳ್ರಿ, ಹೈವೇ ಹತ್ರಿ. ಹೊಟ್ಟ್ಯಾಗಿನ ನೀರು ಅಲುಗಂಗಿಲ್ಲ."

ಮತ್ತೆ ಎರಡು ಕಡೆ ಕೇಳಿದೆ. ಎರಡು ಕಡೆಯೂ ನನ್ನನ್ನು ಅದೇ ಹೈವೇಗೆ ಹತ್ತಿಸಿದರು. ಅತಿಥಿಯನ್ನು ಕೆಟ್ಟ ದಾರಿಗೆ ಹಚ್ಚುವ ಪಾಪವನ್ನು ಆ ಸೀಮೆಯಲ್ಲಿ ಯಾರೂ ಕಟ್ಟಿಕೊಳ್ಳಲು ತಯಾರಿರಲಿಲ್ಲ.

ಕಡೆಗೆ ನಾನೇ ಒಂದು ಕಲ್ಲಿನ ಮರಡಿಯನ್ನು ಕಂಡುಹಿಡಿದೆ. ಕೆಳಗಿನಿಂದ ನೋಡಿದರೆ ಮಲಗಿದ ಎಮ್ಮೆಯಷ್ಟೇ ಸೌಮ್ಯ. ಅರ್ಧ ಹತ್ತಿದ ಮೇಲೆ ಎಮ್ಮೆ ಎದ್ದು ನಿಂತಂತಾಯಿತು. ಮುಂದೆ ಆಕಾಶ ಮಾತ್ರ ಕಾಣುತ್ತಿತ್ತು. ನಾನು ಬ್ರೇಕಿನ ಮೇಲೆ ಎರಡೂ ಕಾಲು ಇಟ್ಟು ಕೂತೆ. ಹಿಂದಿನಿಂದ ಬಂದ ಕುರಿ ಹಿಂಡೊಂದು ನಮ್ಮನ್ನು ಎರಡೂ ಕಡೆಯಿಂದ ದಾಟಿ ಮುಂದೆ ಹೋಯಿತು. ಕೊನೆಯಲ್ಲಿ ಬಂದ ಕುರುಬರಣ್ಣ ಕಿಟಕಿಯಲ್ಲಿ ಇಣುಕಿದ.

"ಗಾಡಿ ಕೈ ಕೊಟ್ಟೈತೇನ್ರಿ?"

"ಇಲ್ಲಪ್ಪಾ, ವಿಚಾರ ಮಾಡಾಕತ್ತೀನಿ."

"ಮಾಡ್ರಿ, ಮಾಡ್ರಿ. ಹಿಂದೊಂದು ಕುಂಟ ಕುರಿ ಬರಾಕತ್ತೈತಿ, ಅದು ಹಾದುಹೋಗಲಿ, ಆಮ್ಯಾಲ ಹಿಂದಕ್ಕ ಬಿಡ್ರಿ."

ಕುಂಟ ಕುರಿಯೂ ನಮ್ಮನ್ನು ದಾಟಿತು. ನಾವು ಹಿಂದಕ್ಕೆ ಇಳಿದೆವು. ಅಂದು ಕುಷ್ಟಗಿಯಲ್ಲಿರುವ ಶರಣಮ್ಮನ ಅಕ್ಕನ ಮನೆಯಲ್ಲಿ ವಸ್ತಿ. ಎಳಸಿಕೊಳ್ಳದೆ ದಿನ ಕಳೆದದ್ದಕ್ಕೆ ನನಗೆ ಎರಡನೇ ಹೋಳಿಗೆ ಸಿಕ್ಕಿತು.

ಯಲಬುರ್ಗಾ ಸೀಮೆ: ಸೋಮವಾರ ಬೆಳಿಗ್ಗೆ

ಮರುದಿನ ಯಲಬುರ್ಗಾ ದಾಟಿ ತಳಕಲ್ ಕಡೆ ತಿರುಗಿದೆವು. ಹಿಂದಿನ ದಿನಗಳಲ್ಲಿ ಮಳೆಯಾಗಿತ್ತು. ಹಿಂಗಾರಿ ಬಿತ್ತನೆಗೆಂದು ಖಾಲಿ ಬಿಟ್ಟ ಎರೆ ಹೊಲಗಳು ಎರಡೂ ಕಡೆ ಕಪ್ಪಗೆ, ಎಣ್ಣೆ ಹಚ್ಚಿದ ಬಂಡಿಯ ಅಚ್ಚಿನಂತೆ ಹೊಳೆಯುತ್ತಿದ್ದವು. ಆದರೆ ಹೊಲದಲ್ಲಿ ಒಬ್ಬ ಮನುಷ್ಯನಿಲ್ಲ, ಒಂದು ಎತ್ತಿಲ್ಲ. ನನಗೆ ವಿಚಿತ್ರವೆನಿಸಿತು. ನಮ್ಮ ಕಡೆ ನೀರು ಬಿಟ್ಟ ಮೇಲೆ ಗದ್ದೆಯಲ್ಲಿ ಹಗಲೂ ರಾತ್ರಿಯೂ ಟ್ರ್ಯಾಕ್ಟರ್ ಒದರುತ್ತಿರುತ್ತದೆ. ಇವರೇನು ಸೋಮಾರಿಗಳೋ ಎಂದುಕೊಂಡೆ. ಪರದೇಶದವರ ಬಗ್ಗೆ ಪ್ರವಾಸಿಗಳು ಇಂಥ ಅಭಿಪ್ರಾಯಗಳನ್ನು ಬಹಳ ಬೇಗ ಮಾಡಿಕೊಳ್ಳುತ್ತಾರೆ.

ಒಂದು ಹಳ್ಳಿ ಬಂತು. ಹೆಸರು ಹೇಳುವುದಿಲ್ಲ. ಅಲ್ಲಿ ನಡೆದದ್ದು ನನ್ನ ಮಾನದ ಪ್ರಶ್ನೆ, ಊರಿನದಲ್ಲ. ಊರ ಬಾಗಿಲಾದ ಅಗಸೆಯ ಕಟ್ಟೆಯ ಮೇಲೆ ಇಡೀ ಊರು ಕೂತಿತ್ತು. ಗಾಡಿ ನಿಲ್ಲಿಸಿ, ಹಿಂದಿನ ದಿನದ ಅನುಭವದಿಂದ ಮಾತು ತಿದ್ದಿಕೊಂಡು ಕೇಳಿದೆ:

"ಈ ಊರಾಗ ಎಲ್ಲಾದಕ್ಕಿಂತ ಭಾಳ ಕೆಟ್ಟಿರೋ ದಾರಿ ಯಾವುದ್ರಿ? ನನಗ ಅದನ್ನ ನೋಡೋದೈತಿ."

ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು.

"ಬಂದ್ರೇನ್ರಿ ಸಾಹೇಬ್ರ!" ಎಂದರು ಹನಮಪ್ಪಜ್ಜ ಎಂಬ ಊರ ಹಿರಿಯರು. ತಲೆಗೆ ಬಿಳಿ ರುಮಾಲು, ಬಾಯಲ್ಲಿ ನಾಲ್ಕೇ ಹಲ್ಲು, ನಾಲ್ಕೂ ನಗುತ್ತಿದ್ದವು. "ಎಷ್ಟು ಅರ್ಜಿ ಕೊಟ್ಟೀವಿ ಅಂತೀರಿ! ಯಾರರ ಒಬ್ರು ಬಂದ್ರಲ್ಲ!"

ಬಿಳಿ ಗಾಡಿ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಡೈರಿ. ಕೆಟ್ಟ ದಾರಿಯನ್ನು ತಾನಾಗಿ ಕೇಳಿಕೊಂಡು ಬರುವವನು ಇಂಜಿನಿಯರ್ ಸಾಹೇಬನಲ್ಲದೆ ಇನ್ಯಾರು? ಅಲ್ಲವೆಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ಬಂತು, ಮಿರ್ಚಿ ಬಂತು, ಕೂರಲು ಕಂಬಳಿ ಬಂತು. "ಸಾಹೇಬ್ರು ಖಾರ ತಿಂತಾರೋ ಇಲ್ಲೋ" ಎಂದು ಒಳಗಿನಿಂದ ಯಾರೋ ಕೇಳಿದರು. ಸಾಹೇಬರು ತಿಂದರು. ನೌಕರಿಯುದ್ದಕ್ಕೂ ಕಿಟಕಿಯ ಹಿಂದೆ ಕೂತು ಬೈಸಿಕೊಂಡವನಿಗೆ ಆ ಶಬ್ದದ ರುಚಿ ಮಿರ್ಚಿಗಿಂತ ಜಾಸ್ತಿ ಹತ್ತಿತು.

"ಹೇಳ್ರಿ ಅವರಿಗೆ," ಎಂದು ಶರಣಮ್ಮ ಪಿಸುಗುಟ್ಟಿದಳು.

"ಹೇಳ್ತೀನಿ ತಡಿ, ಚಹಾ ಕುಡೀಲಿ."

"ಕುಡಿಯಾಕತ್ತವರು ನೀವು."

ಹನಮಪ್ಪಜ್ಜ ಮುಂದಿನ ಸೀಟು ಹತ್ತಿದರು. ಗಂಗವ್ವ ಎಂಬ ಗಟ್ಟಿ ದನಿಯ ಹೆಂಗಸು ಶರಣಮ್ಮನ ಜೊತೆ ಹಿಂದೆ ಕೂತಳು. ಉಳಿದವರು ಗಾಡಿಯ ಹಿಂದೆ ನಡೆದು ಬಂದರು. ಊರ ಹೊರಗಿನ ತೋಟದ ಮನೆಗಳಿಗೆ ಹೋಗುವ ದಾರಿಯಂತೆ ಅದು. ಎರೆ ಹೊಲಗಳ ನಡುವೆ ಎರಡು ಬಂಡಿ ಜಾಡು, ಅಷ್ಟೇ.

"ಬರಕೋರಿ ಸಾಹೇಬ್ರ," ಎಂದಳು ಗಂಗವ್ವ. "ಹ್ವಾದ ಮಳಿಗಾಲದಾಗ ನನ್ನ ಸೊಸಿಗೆ ಬ್ಯಾನಿ ಬಂದಾಗ ಇದ ದಾರ್ಯಾಗ ಹೊರಸಿನ ಮ್ಯಾಲ ಮಲಗಿಸಿ ಹೊತಗೊಂಡು ಬಂದ್ವಿ. ನಾಕು ಮಂದಿ ಹೊತ್ರು, ನಾಕು ಮಂದಿ ರಾಡ್ಯಾಗ ಹುಗದ ಅವರ ಕಾಲು ಕಿತ್ತಿ ಕಿತ್ತಿ ಇಟ್ರು."

"ಆಮ್ಯಾಲ?" ಶರಣಮ್ಮ ಕೇಳಿದಳು.

"ದೇವರು ದೊಡ್ಡಾಂವ. ಕೂಸು ಛಲೋ ಐತಿ. ದಾರಿ ಮಾತ್ರ ಹಂಗ ಐತಿ."

ಆಗಲೇ ಹೇಳಿಬಿಡಬೇಕಿತ್ತು. ಹೇಳುವ ಬದಲು ಗಾಡಿ ಮುಂದೆ ಬಿಟ್ಟೆ. ಬೇಗ ದಾರಿ ಮುಗಿಸಿ, ಬೇಗ ಊರು ಬಿಡುವ ಹೇಡಿ ಉಪಾಯ ಅದು.

ಅದೇ ಸೀಮೆ: ಸೋಮವಾರ ಮಧ್ಯಾಹ್ನ

ಇಲ್ಲಿ ಮಣ್ಣಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ನಮ್ಮ ಗದ್ದೆಯ ಕೆಸರಿಗೆ ತಳವಿದೆ. ಮೊಳಕಾಲುದ್ದ ಇಳಿದ ಮೇಲೆ ಗಟ್ಟಿ ನೆಲ ಸಿಗುತ್ತದೆ. ವರ್ಷಕ್ಕೆ ಎರಡು ಸಲ ತುಳಿದು ತುಳಿದು ಆದ ನೆಲ. ಅದಕ್ಕೇ ನಾವು ಕಾಲುವೆಯವರು ಕೆಸರಿಗೆ ಹೆದರುವುದಿಲ್ಲ. ಮುಂದೆ ನೀರು ನಿಂತ ತಗ್ಗು ಕಂಡಾಗ ಹನಮಪ್ಪಜ್ಜ, "ಸಾಹೇಬ್ರ, ಇಲ್ಲೇ ನಿಂತು ನೋಡಿದ್ರ ಸಾಕ್ರಿ" ಅಂದರು. "ಅಜ್ಜಾ, ನಾ ಗದ್ದಿ ನಾಡಿನಾಂವ," ಎಂದು ನಾನು ಗಂಭೀರವಾಗಿ ಹೇಳಿ ಗಾಡಿಯನ್ನು ತಗ್ಗಿಗೆ ಇಳಿಸಿದೆ.

ಎರೆಗೆ ತಳವಿಲ್ಲ. ಜೊತೆಗೆ ಅದಕ್ಕೆ ಪ್ರೀತಿ ಜಾಸ್ತಿ. ಗಾಲಿಗೆ ಹತ್ತಿದ ಮಣ್ಣು ಬಿಡಲಿಲ್ಲ, ಅದರ ಮೇಲೆ ಇನ್ನಷ್ಟು ಹತ್ತಿತು. ಗಾಲಿ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಯಿತು ಎಂದು ತಿಳಿಯದಂತಾಯಿತು. ಮೊದಲು ಹಿಂದಿನ ಎರಡು ಗಾಲಿ ಹೂತವು. ಆಗ ಆ ಸಣ್ಣ ಗೇರು ಎಳೆದೆ. ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತು. ಈಗ ನಾಲ್ಕೂ ಗಾಲಿ ಸಮನಾಗಿ ಹೂತವು.

ಕಿನ್ನಾಳದ ಗೊಂಬೆಗೆ ಬಣ್ಣ ಹಚ್ಚುವವರೂ ಇಷ್ಟು ಬಿಗಿಯಾಗಿ ಹಚ್ಚಲಾರರು, ಹಾಗೆ ಗಾಡಿ ಕಪ್ಪಾಗಿ ನಿಂತಿತು. ನಡೆದು ಬಂದ ಊರವರು ಸುತ್ತ ನೆರೆದರು. ಮುಖದಲ್ಲಿ ದುಃಖವಿರಬೇಕಿತ್ತು. ಇರಲಿಲ್ಲ. ಹಬ್ಬವಿತ್ತು.

"ಭಾಳ ಛಲೋ ಆತು!" ಎಂದಳು ಗಂಗವ್ವ, ಸೀರೆ ಎತ್ತಿಕೊಂಡು ಇಳಿಯುತ್ತಾ. "ಸಾಹೇಬ್ರೇ ಸಿಕ್ಕೊಂಡ್ರು! ಇನ್ನ ದಾರಿ ಆಗದ ಎಲ್ಲಿ ಹೊಕ್ಕೈತಿ? ಫೋಟೋ ಹೊಡೀರೋ!"

ಹತ್ತು ಮೊಬೈಲು ಮೇಲೆದ್ದವು. ನಾನು ಮೆಲ್ಲಗೆ, "ಒಂದು ಟ್ರ್ಯಾಕ್ಟರ್..." ಎನ್ನಲು ಹೋಗಿ ಶರಣಮ್ಮನ ಮುಖ ಕಂಡು, "ಒಂದು ಜೋಡಿ ಎತ್ತು ಸಿಗಬಹುದೇನ್ರಿ?" ಎಂದು ತಿದ್ದಿಕೊಂಡೆ.

ಹನಮಪ್ಪಜ್ಜ ಕಿವಿ ಮುಟ್ಟಿಕೊಂಡರು. "ಇವತ್ತು ಸೋಮಾರಲ್ಲೇನ್ರಿ? ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ."

"ಟ್ರ್ಯಾಕ್ಟರ್ ಆದ್ರ?"

"ಅದಕ್ಕೂ ಸೋಮಾರಾನ. ಬೆಳಿಗ್ಗೇನ ತೊಳದು ಈಬೂತಿ ಹಚ್ಚಿ ನಿಲ್ಲಿಸೀವಿ. ಊರಾಗಿನ ನಾಕೂ ಟ್ರ್ಯಾಕ್ಟರ್ ಇವತ್ತು ಹೊರಬೀಳಂಗಿಲ್ಲ."

ಹೊಲಗಳು ಬೆಳಿಗ್ಗೆ ಯಾಕೆ ಖಾಲಿಯಿದ್ದವು ಎಂಬುದು ನನಗೆ ಆಗ ತಿಳಿಯಿತು. ನಮ್ಮ ಹಿರಿಯರಲ್ಲೂ ಈ ಪದ್ಧತಿ ಇತ್ತು. ಕಾಲುವೆ ಬಂದು, ಮಿಲ್ಲು ಬಂದು, ನಾವು ಸೋಮವಾರವನ್ನು ಮರೆತು ಕೂತಿದ್ದೆವು. ಮರೆತದ್ದಕ್ಕೆ ದಂಡ ಕಟ್ಟಲು ನಾನೊಬ್ಬ ಸಿಕ್ಕಿದ್ದೆ.

ಅದೇ ಹೊತ್ತಿಗೆ ಶರಣಮ್ಮನ ಫೋನು ರಿಂಗಾಯಿತು. ವೀರೇಶ. ಅವನ ದನಿ ಫೋನಿನ ಹೊರಗೂ ಕೇಳುತ್ತಿತ್ತು.

"ಅಕ್ಕಾ, ಎಲ್ಲಿದ್ದೀರಿ? ಎಲ್ಲೂ ಹುಗದಿಲ್ಲಲ್ಲ? ಹೇಳು, ಟ್ರ್ಯಾಕ್ಟರ್ ತಗೊಂಡು ಈಗಿಂದೀಗ ಬಿಡ್ತೀನಿ!"

ಶರಣಮ್ಮ ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು. "ಏನು ಹೇಳ್ಲಿ?"

ಗಾಡಿ ಹೋಗುವುದು ಖಾತ್ರಿಯಾಯಿತು. ಆದರೆ ಅದಕ್ಕಿಂತ ಮೊದಲು ಇಳಿಸಬೇಕಾದ ಇನ್ನೊಂದು ಭಾರವಿತ್ತು. "ಹತ್ತು ಮಿನಿಟು ಬಿಟ್ಟು ಮಾಡ್ತೀನಿ ಅನ್ನು," ಎಂದೆ. ಆಮೇಲೆ ಕೆಸರಿನಲ್ಲಿ ಇಳಿದೆ. ಚಪ್ಪಲಿಗಳು ಅಲ್ಲೇ ಉಳಿದವು. ಬರಿಗಾಲಲ್ಲಿ ನಿಂತು ಹೇಳಿದೆ:

"ಹಿರಿಯರೇ, ತಪ್ಪಾಗೈತಿ. ನಾನು ಸಾಹೇಬ ಅಲ್ರಿ. ಇಂಜಿನಿಯರೂ ಅಲ್ಲ. ಬಸ್ ಸ್ಟ್ಯಾಂಡಿನ್ಯಾಗ ಕೆಲಸ ಮಾಡಿ ರಿಟೈರ್ ಆದಾಂವ. ಈ ಗಾಡಿ ನಡಸೋದು ಕಲಿಯಾಕ ಕೆಟ್ಟ ದಾರಿ ಹುಡುಕ್ಕೊಂಡು ಬಂದಿದ್ದೆ. ನೀವು ಸಾಹೇಬ್ರ ಅಂದ್ರಿ, ನಾ ಅಲ್ಲ ಅನ್ನಲಿಲ್ಲ. ಮಿರ್ಚಿನೂ ತಿಂದೆ."

ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

ಗಂಗವ್ವ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರ, ನಾವು ಹೆಣಗ್ಯಾಡೋ ದಾರ್ಯಾಗ ನೀವು ಆಟ ಆಡಾಕ ಬಂದೀರಿ?"

"ಹೌದವ್ವಾ," ಅಂದೆ.

ಹನಮಪ್ಪಜ್ಜ ತಲೆ ಓರೆ ಮಾಡಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಯಾವ ಬಸ್ ಸ್ಟ್ಯಾಂಡು?"

"ಗಂಗಾವತಿ."

"ಮೈಕಿನ್ಯಾಗ ಒದರೋರು?"

"ಹೌದ್ರಿ."

"ಒಂದ ಸಲ ಯಲಬುರ್ಗಾ ಅನ್ರಿ ನೋಡೋಣು."

ಕೆಸರಿನಲ್ಲಿ ನಿಂತು, ಕಂಠ ಸರಿಪಡಿಸಿಕೊಂಡು ನಾನು ಕೂಗಿದೆ: "ಕುಷ್ಟಗಿ, ಯಲಬುರ್ಗಾ ಕಡೆ ಹೋಗುವ ಪ್ರಯಾಣಿಕರು ಬೇಗ ಬೇಗ ಬಸ್ ಹತ್ತಬೇಕು..."

ಅಜ್ಜ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟರು. "ಇದ ದನಿ! ಇದ ದನಿ! ಭತ್ತಾ ಕೊಯ್ಯಾಕ ವರ್ಷಾ ಬರತಿದ್ವೆಲ್ಲ ನಿಮ್ಮೂರಿಗೆ! ಗಂಗವ್ವಾ, ಈ ಮನಿಶಾ 'ಬೇಗ ಬೇಗ' ಅಂದದ್ದಕ್ಕ ಓಡಿ ಮೊಳಕಾಲು ಒಡಕೊಂಡಾಂವ ನಾನು. ಓಡಿ ಹೋಗಿ ನೋಡಿದ್ರ ಡ್ರೈವರ್ ಇನ್ನಾ ಚಾ ಕುಡಿಯಾಕತ್ತಿದ್ದ!"

ಗಂಗವ್ವ ನಗುವುದೋ ಬೇಡವೋ ಎಂದು ಒಂದು ಗಳಿಗೆ ತಡೆದಳು. ಆಮೇಲೆ ಅವಳೂ ನಕ್ಕಳು. ಅವಳು ನಕ್ಕ ಮೇಲೆ ಊರು ನಕ್ಕಿತು.

"ನೋಡ್ರಪ್ಪಾ," ಹನಮಪ್ಪಜ್ಜ ತೀರ್ಮಾನ ಹೇಳಿದರು. "ಸಾಹೇಬ್ರು ಆಗಿದ್ರ ಇಲ್ಲೇ ಬಿಡತಿದ್ವಿ. ದಾರಿ ಆಗೂತನ ಇಲ್ಲೇ ಇರಲಿ ಅಂತ. ಸಾಹೇಬ್ರು ಅಲ್ಲಲ್ಲ, ಪಾಪ. ಎಳದ ಹಾಕೂಣು. ಎತ್ತಿಗೆ ಸೋಮಾರ ಐತಿ, ನಮಗೇನು ಸೋಮಾರಿಲ್ಲ."

ಹೆಂಗಸರು ಕಳೆ ಕೀಳುವ ಕುರ್ಚಿಗಿ ತಂದು, ಅದೇ ಚುರುಕಿನಲ್ಲಿ ಗಾಲಿಯ ಮಣ್ಣು ಕೆರೆದರು. ಜೋಳದ ಒಣ ದಂಟಿನ ಸೂಡು ತಂದು ಗಾಲಿಯ ಕೆಳಗೆ ಹಾಸಿದರು. ಬಾವಿಯ ಹಗ್ಗ ಬಂತು. ಇಪ್ಪತ್ತು ಮೂವತ್ತು ಜನ ಹಗ್ಗ ಹಿಡಿದು, "ಹೋ... ಹೋ... ಐಸಾ!" ಎಂದು ಜಗ್ಗಿದರು. ಶರಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗದ ತುದಿ ಹಿಡಿದದ್ದನ್ನು ಸ್ಟೇರಿಂಗ್ ಹಿಡಿದು ಕೂತ ನಾನು ಕನ್ನಡಿಯಲ್ಲಿ ಕಂಡೆ. ನ್ಯಾಯಾಧೀಶರು ಹಾಗೆ ಮಾಡಬಾರದು, ಆದರೆ ಮಾಡಿದರು. ಮೂರನೆಯ ಐಸಾಕ್ಕೆ ಎರೆ ದೊಡ್ಡ ನಿಟ್ಟುಸಿರು ಬಿಟ್ಟು ನಮ್ಮನ್ನು ಕೈಬಿಟ್ಟಿತು.

ಬಾನೆಟ್ಟಿನ ಮೇಲೆ ಡೈರಿಯ ಹಾಳೆ ಹರಿದಿಟ್ಟು, ಊರವರ ಪರವಾಗಿ ಆ ದಾರಿಗೆ ಇನ್ನೊಂದು ಅರ್ಜಿ ಬರೆದೆ. ಸಾಹೇಬನಾಗಿ ಅಲ್ಲ, ಸಿಕ್ಕಿಬಿದ್ದವನಾಗಿ. ಹೊರಸಿನ ಸಂಗತಿ ಸೇರಿಸೆಂದು ಶರಣಮ್ಮ ನಿಂತು ಬರೆಸಿದಳು. ಗಂಗವ್ವ ಮೊದಲ ಸಹಿ ಹಾಕಿದಳು. ಅರ್ಜಿ ಈಗ ಕಚೇರಿಯಲ್ಲಿದೆ. ನಾನು ವಾರಕ್ಕೊಮ್ಮೆ ಹೋಗಿ ಅದರ ಕ್ಷೇಮ ವಿಚಾರಿಸುತ್ತೇನೆ.

ಹಳ್ಳ: ಸೋಮವಾರ ಇಳಿಹೊತ್ತು

"ಕಲಿಯೋದಿದ್ರ ಇಲ್ಲಿ ಯಾಕ ಬಂದ್ರಿ?" ಎಂದರು ಹನಮಪ್ಪಜ್ಜ. "ಹೋರಿ ಕಲಸೋ ಜಾಗ ಐತಿ, ಅಲ್ಲಿ ಹೋಗೂಣು ನಡ್ರಿ."

ಊರಿನ ಇನ್ನೊಂದು ಮಗ್ಗುಲಿಗೆ ಕೆಂಪು ಮಸಾರಿ ನೆಲ. ಅದರಾಚೆ ಒಂದು ಅಗಲವಾದ ಹಳ್ಳ. ನೀರು ಒಂದು ಎಳೆಯಷ್ಟು, ಉಳಿದದ್ದೆಲ್ಲ ಉಸುಕು. ಎರಡೂ ದಂಡೆ ತೊಟ್ಟಿಲಿನಂತೆ ಇಳುಕಲು. ಹೊಸ ಹೋರಿಗಳ ಹೆಗಲಿಗೆ ಮೊದಲ ಸಲ ನೊಗ ಇಟ್ಟು, ಹಿಂದೆ ಒಂದು ದಿಮ್ಮಿ ಕಟ್ಟಿ ಓಡಾಡಿಸುವ ಜಾಗವಂತೆ ಅದು.

"ಹೊಸ ಹೋರಿಗೆ ಮೊದಲ ಹೊಲ ತೋರಸಂಗಿಲ್ರಿ. ಮೊದಲ ಉಸುಕು. ಉಸುಕಿನ್ಯಾಗ ಓಡಾಕ ಬರಂಗಿಲ್ಲ, ಬಿದ್ರ ಪೆಟ್ಟಾಗಂಗಿಲ್ಲ. ಸೊಕ್ಕೂ ಇಳಿತೈತಿ, ಅಂಜಿಕೀನೂ ಇಳಿತೈತಿ."

ಹೊಸದಾಗಿ ಗಾಡಿ ಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉಪದೇಶ ನನಗೆ ಎಲ್ಲಿಯೂ ಸಿಕ್ಕಿಲ್ಲ. ನೀವೂ ಒಂದು ಹೊಸ ಊರಿಗೆ ಹೋದರೆ ಕೆಟ್ಟ ದಾರಿ ಕೇಳಬೇಡಿ. ಹೋರಿ ಎಲ್ಲಿ ಕಲಿಸುತ್ತೀರಿ ಎಂದು ಕೇಳಿ. ಮೇಲಾಗಿ ಸೋಮವಾರ ಹೋರಿಗಳಿಗೂ ರಜೆ, ಹಳ್ಳ ಖಾಲಿ.

ಸಣ್ಣ ಗೇರು ಎಳೆದೆ. ಅಜ್ಜ ಪಕ್ಕದಲ್ಲಿ ಕೂತು, ಹೋರಿಗೆ ಹೇಳುವ ದನಿಯಲ್ಲಿಯೇ ಹೇಳುತ್ತಿದ್ದರು. "ಹಾಂ, ಬರಲಿ, ಬರಲಿ. ಒದರಸಬ್ಯಾಡ್ರಿ. ನಿಂದರಬ್ಯಾಡ್ರಿ, ಓಡಬ್ಯಾಡ್ರಿ. ಅದರ ಪಾಡಿಗೆ ಅದನ್ನ ಬಿಡ್ರಿ." ಗಾಡಿ ಉಸುಕಿನಲ್ಲಿ ಮೂಗಾಡಿಸುತ್ತಾ, ಎಮ್ಮೆಯ ನಡಿಗೆಯಲ್ಲಿ ಹೋಯಿತು. ಒಮ್ಮೆ ಹಿಂದಿನ ಗಾಲಿ ಕುಸಿಯಿತು. ನನ್ನ ಕಾಲು ಬ್ರೇಕಿಗೆ ಹೋಯಿತು. "ಅಂಜಬ್ಯಾಡ್ರಿ, ಹಿಂದಕ್ಕ ಒಂದು ಮಾರು ಬರ್ರಿ, ಮತ್ತ ಮುಂದ ನಡ್ರಿ." ಬಂದೆ, ನಡೆದೆ, ಹತ್ತಿತು. ಆಚೆ ದಂಡೆ ಏರಿ ಮಸಾರಿ ನೆಲದ ಮೇಲೆ ನಿಂತಾಗ ನನ್ನ ಅಂಗಿ ಒದ್ದೆಯಾಗಿತ್ತು. ಯಾರೂ ಎಳೆದಿರಲಿಲ್ಲ. ಐದು ಸಲ ಹೋದೆ, ಐದು ಸಲ ಬಂದೆ. ಆರನೆಯ ಸಲ ಅಜ್ಜ ಮಾತಾಡುವುದನ್ನು ನಿಲ್ಲಿಸಿ ಸುಮ್ಮನೆ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು.

ಹಳ್ಳದ ದಂಡೆಯಲ್ಲಿ ಶರಣಮ್ಮ ನಮಗಾಗಿ ಕಾಯುತ್ತಿದ್ದಳು. ವೀರೇಶನ ಫೋನು ಇನ್ನೊಮ್ಮೆ ಬಂದಿತ್ತಂತೆ.

"ಯಜ್ಜಾ," ಅವಳು ಕೇಳಿದಳು, ಸಂತೆಯಲ್ಲಿ ಎತ್ತು ಕೊಳ್ಳುವವರು ಕೇಳುವ ಹಾಗೆ, "ಟ್ರ್ಯಾಕ್ಟರ್ ಎಳದ್ರ ಗಾಡಿ ನನ್ನ ತಮ್ಮಗ ಅಂತ ಕರಾರಿತ್ತು, ಎಳದವ್ರು ನೀವು. ಅಂವಾ ಇದನ್ನ ಕೇಳಾಕತ್ಯಾನ. ಇಟ್ಕೋಬೇಕೋ, ಕೊಡಬೇಕೋ? ನೀವ ಹೇಳ್ರಿ."

ಹನಮಪ್ಪಜ್ಜ ಅವಸರ ಮಾಡಲಿಲ್ಲ. ಇಳಿದು ಗಾಡಿಯನ್ನು ಒಂದು ಸುತ್ತು ಹಾಕಿದರು. ಗಾಲಿಗೆ ಅಂಗೈಯಿಂದ ಬಡಿದರು. ಬಾಗಿ ದೀಪದ ಗಾಜಿನಲ್ಲಿ ಇಣುಕಿದರು. ಕೊನೆಗೆ ಕಿಟಕಿಯ ಬಳಿ ಬಂದು ನನ್ನ ಮುಖವನ್ನೂ ಅಷ್ಟೇ ಹೊತ್ತು ನೋಡಿದರು.

"ಗಾಡಿ ಛಲೋ ಐತವ್ವಾ. ಹೊಡಿಯವ್ರು ಇನ್ನಾ ಹಾಲುಹಲ್ಲಿನ್ಯಾಗ ಅದಾರ. ಹಾಲುಹಲ್ಲಿನ ಹೋರಿ ಯಾರರ ಸಂತಿಗೆ ಹೊಡೀತಾರೇನು? ಕಲೀಲಿ, ಇಟ್ಕೋ."

ಅರವತ್ತೆರಡನೆಯ ವಯಸ್ಸಿನಲ್ಲಿ, ಎರಡು ಕಟ್ಟಿಸಿದ ಹಲ್ಲುಗಳ ಸಮೇತ, ನನಗೆ ಈ ತೀರ್ಪು ಬಂತು. ಶರಣಮ್ಮ ಅಲ್ಲೇ ನಿಂತು ತಮ್ಮನಿಗೆ ಫೋನು ಹಚ್ಚಿದಳು.

"ಬರಬ್ಯಾಡ ವೀರೇಶಾ. ಇಲ್ಲ, ಕೊಡಂಗಿಲ್ಲ. ನಿಮ್ಮ ಮಾಮಾಗ ಇನ್ನೂ ಹಲ್ಲು ಬರಬೇಕಂತ."